ಸಂಪಾಜೆ ರಸ್ತೆಯನ್ನು ತೆಗೆದರೂ ಪ್ರಯಾಣದ ಸಮಯ ಏರದಿದ್ದಾಗ: ನನ್ನ ಅನುಭವ

2018ರ ಆಗಸ್ಟ್‌ನ ಭೂಕುಸಿತದಿಂದ ಮಡಿಕೇರಿ–ಸಂಪಾಜೆ ನಡುವಿನ ರಾಷ್ಟ್ರೀಯ ಹೆದ್ದಾರಿ 275 ಮುಚ್ಚಿದಾಗ ಸುತ್ತಲಿನ ಊರುಗಳಿಂದ ಮಡಿಕೇರಿಯ ಆಸ್ಪತ್ರೆ ತಲುಪಲು ಎಷ್ಟು ಹೆಚ್ಚು ಸಮಯ ಹಿಡಿಯುತ್ತಿತ್ತು ಎಂಬುದನ್ನು ಅಂದಾಜಿಸಲು, ಮುಕ್ತ ಡಿಜಿಟಲ್ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನ ರಸ್ತೆಜಾಲದ ಮೇಲೆ ಒಂದು ಗಣಕ ಮಾದರಿ ರೂಪಿಸಿದ್ದೆ. ಆದರೆ ಹೆದ್ದಾರಿಯ ಆ ತುಂಡನ್ನು ಜಾಲದಿಂದ ತೆಗೆದ ಮೇಲೂ ಸಂಪಾಜೆಯ ಲೆಕ್ಕದಲ್ಲಿ ಕೆಲವೇ ನಿಮಿಷಗಳ ವ್ಯತ್ಯಾಸ ಕಂಡಿತು.

ಮಾದರಿ ಆರಿಸಿದ ಮಾರ್ಗವನ್ನು ಉಪಗ್ರಹ ಚಿತ್ರದ ಮೇಲೆ ಹಿಗ್ಗಿಸಿ ನೋಡಿದಾಗ, ಅದು ಕಾಫಿ ತೋಟದೊಳಗಿನ ಜೀಪುದಾರಿಯನ್ನು ಹಿಡಿದು ಸೇತುವೆಯೇ ಇಲ್ಲದ ತೊರೆಯೊಂದನ್ನು ದಾಟಿತ್ತು. ಯಾವ ಬಗೆಯ ರಸ್ತೆಗೆ ಎಷ್ಟು ವೇಗ ಎಂಬ ಪಟ್ಟಿಯಲ್ಲಿ ನಾನು ಹೆಸರಿಸದ ರಸ್ತೆಗಳಿಗೆಲ್ಲ ಗಂಟೆಗೆ 30 ಕಿ.ಮೀ. ವೇಗ ತಾನಾಗಿ ಸಿಕ್ಕಿದ್ದೇ ಇದಕ್ಕೆ ಕಾರಣ. ಕಚ್ಚಾದಾರಿಗಳನ್ನು ಮಳೆಗಾಲದ ಜಾಲದಿಂದ ಹೊರಗಿಟ್ಟು, ಘಾಟಿಯ ಏರು ಮತ್ತು ತಿರುವುಗಳಿಗೆ ತಕ್ಕಂತೆ ವೇಗವನ್ನು ಇಳಿಸಿದ ಬಳಿಕ ಮಾರ್ಗವು ಸುಳ್ಯ, ಪಾಣತ್ತೂರು, ಕರಿಕೆ, ಭಾಗಮಂಡಲಗಳ ಸುತ್ತುದಾರಿಗೆ ಹೊರಳಿತು. ಹೆದ್ದಾರಿ ಮುಚ್ಚಿದ್ದಾಗ ಜನರೂ ಕರಿಕೆಯ ದಾರಿಯನ್ನೇ ಹಿಡಿದಿದ್ದರು.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ದೋಷ. ಸಂಪರ್ಕ ಪೂರ್ತಿ ಕಡಿದುಹೋದ ಮನೆಗಳಿಗೆ ಪ್ರಯಾಣದ ಸಮಯದ ಜಾಗ ಖಾಲಿಯಾಗಿ ಬರುತ್ತಿತ್ತು ಮತ್ತು ಸರಾಸರಿ ತೆಗೆಯುವಾಗ ಅವು ಸದ್ದಿಲ್ಲದೆ ಬಿಟ್ಟುಹೋಗುತ್ತಿದ್ದವು. ಅಂದರೆ ಅತಿ ಹೆಚ್ಚು ಸಂಕಷ್ಟದಲ್ಲಿದ್ದವರೇ ಲೆಕ್ಕದಿಂದ ಮಾಯವಾಗಿ, ಜಿಲ್ಲೆಯ ಸ್ಥಿತಿ ಇರುವುದಕ್ಕಿಂತ ಚೆನ್ನಾಗಿ ತೋರುತ್ತಿತ್ತು. ಈಗ ಅಂಥ ಮನೆಗಳ ಸಂಖ್ಯೆಯನ್ನು ಪ್ರತ್ಯೇಕ ಅಂಕಣದಲ್ಲಿ, ಸರಾಸರಿಗಿಂತ ಮೊದಲೇ ಬರೆಯುತ್ತೇನೆ.