ಬಿಡಿಎಸ್‌ಗೆ ಸಾಲ ಮಾಡಬಹುದಾ? ಸೀಟು ಒಪ್ಪಿಕೊಳ್ಳುವ ಮೊದಲು ಹಾಕಬೇಕಾದ ಲೆಕ್ಕ

ನೀಟ್ ರಿಸಲ್ಟ್ ಬಂದ ಮೇಲೆ ಮನೆಗಳಲ್ಲಿ ನಡೆಯುವ ಮಾತು ಹೆಚ್ಚುಕಡಿಮೆ ಒಂದೇ. ಎಂಬಿಬಿಎಸ್ ಸಿಗೋ ಹಾಗಿಲ್ಲ, ಹಲ್ಲಿನ ಡಾಕ್ಟರ್ ಕೋರ್ಸ್ ಬಿಡಿಎಸ್ ಸಿಗುತ್ತೆ, ಅಂತೂ ಡಾಕ್ಟರ್ ಆಗ್ತಾಳಲ್ಲ, ಫೀಸಿಗೆ ಬ್ಯಾಂಕ್ ಲೋನ್ ಇದ್ದೇ ಇದೆ. ನಾನು ಹಲ್ಲಿನ ಡಾಕ್ಟರ್. ಈ ಕೆಲಸ ನನಗೆ ಇಷ್ಟ, ಹಾಗಾಗಿ ಯಾರನ್ನೂ ಹೆದರಿಸಲು ಇದನ್ನು ಬರೆಯುತ್ತಿಲ್ಲ. ಆದರೆ ಜನ ಸಾಲ ಮಾಡುವುದು ಹದಿನೈದು ವರ್ಷ ಪ್ರಾಕ್ಟೀಸ್ ಮಾಡಿದವರ ಕಾರು, ಮನೆ ನೋಡಿ. ಬ್ಯಾಂಕ್ ಕಂತು ಕೇಳುವುದು ಮಾತ್ರ ಮೊದಲನೇ ವರ್ಷದ ಸಂಬಳದಿಂದ.

ಮೊದಲು ಸೀಟು ಯಾವುದು ಅಂತ ನೋಡಿ. ಕರ್ನಾಟಕದಲ್ಲಿ ನಲವತ್ತಕ್ಕೂ ಹೆಚ್ಚು ಡೆಂಟಲ್ ಕಾಲೇಜುಗಳಿವೆ. ಅವುಗಳಲ್ಲಿ ಸರ್ಕಾರಿ ಡೆಂಟಲ್ ಕಾಲೇಜು ಅಂತ ಇರುವುದು ಬೆಂಗಳೂರು, ಬಳ್ಳಾರಿಯಂಥ ಬೆರಳೆಣಿಕೆಯ ಕಡೆ ಮಾತ್ರ. ಉಳಿದ ಕಾಲೇಜುಗಳಲ್ಲಿ ಸರ್ಕಾರಿ ಕೋಟಾ, ಖಾಸಗಿ ಕೋಟಾ, ಎನ್‌ಆರ್‌ಐ ಅಂತ ಒಂದೇ ಬೆಂಚಿನಲ್ಲಿ ಕೂತವರು ಬೇರೆ ಬೇರೆ ಫೀಸು ಕಟ್ಟುತ್ತಿರುತ್ತಾರೆ. ಕೊನೆಗೆ ಸಿಗುವ ಡಿಗ್ರಿ ಒಂದೇ, ಕೈಗೆ ಬರುವ ಸಂಬಳವೂ ಒಂದೇ. ಆದ್ದರಿಂದ ಕೆಇಎ (ರಾಜ್ಯದ ಪರೀಕ್ಷಾ ಪ್ರಾಧಿಕಾರ) ಆಪ್ಷನ್ ಎಂಟ್ರಿಯಲ್ಲಿ ಬೇಕಾದ ಕಾಲೇಜುಗಳ ಪಟ್ಟಿ ಮಾಡುವಾಗ ಕಾಲೇಜಿನ ಹೆಸರಿನ ಪಕ್ಕದಲ್ಲಿ ಫೀಸನ್ನೂ ಬರೆದಿಟ್ಟುಕೊಳ್ಳಿ. ಡೀಮ್ಡ್ ಯೂನಿವರ್ಸಿಟಿಗಳ ಸೀಟು ಕೇಂದ್ರದ ಎಂಸಿಸಿ ಕೌನ್ಸೆಲಿಂಗ್‌ನಲ್ಲಿ ಬರುತ್ತದೆ, ಅಲ್ಲಿ ಫೀಸು ಸಾಮಾನ್ಯವಾಗಿ ಇನ್ನೂ ಜಾಸ್ತಿ. ಕೋರ್ಸ್ ನಾಲ್ಕು ವರ್ಷ, ಆಮೇಲೆ ಒಂದು ವರ್ಷ ಇಂಟರ್ನ್‌ಶಿಪ್. ಇಂಟರ್ನ್‌ಶಿಪ್ ವರ್ಷಕ್ಕೂ ಏನಾದರೂ ಕಟ್ಟಬೇಕಾ, ಸ್ಟೈಪೆಂಡ್ ಎಷ್ಟು, ನಡುವೆ ಬಿಟ್ಟರೆ ಉಳಿದ ವರ್ಷಗಳ ಫೀಸು ಕೇಳುತ್ತಾರಾ, ಇವನ್ನೆಲ್ಲ ಆಫೀಸಿನಲ್ಲಿ ಬರವಣಿಗೆಯಲ್ಲೇ ಕೇಳಿ. ಇಲ್ಲಿ ಸಂಕೋಚ ಮಾಡಿಕೊಳ್ಳಬೇಡಿ.

ಫೀಸಿನ ಹೊರಗಿನ ಖರ್ಚನ್ನು ಬಹಳ ಮಂದಿ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹಾಸ್ಟೆಲ್, ಪುಸ್ತಕ ಸರಿ. ಅದರ ಜೊತೆಗೆ ಮೇಣದಲ್ಲಿ ಹಲ್ಲು ಕೆತ್ತುವ ಸಾಮಾನು, ಪ್ಲಾಸ್ಟಿಕ್ ಹಲ್ಲು ಜೋಡಿಸಿದ ದವಡೆ, ಹ್ಯಾಂಡ್‌ಪೀಸ್, ಡಿಪಾರ್ಟ್‌ಮೆಂಟಿಗೊಂದು ಇನ್‌ಸ್ಟ್ರುಮೆಂಟ್ ಸೆಟ್ ಬೇಕಾಗುತ್ತದೆ. ಮೂರನೇ ವರ್ಷಕ್ಕೆ ಬಂದರೆ ಕ್ಲಿನಿಕಲ್ ಕೋಟಾ ಶುರು. ಇಷ್ಟು ಫಿಲ್ಲಿಂಗ್, ಇಷ್ಟು ಹಲ್ಲು ಕೀಳುವುದು, ಒಂದಿಷ್ಟು ಪೂರ್ತಿ ಹಲ್ಲುಸೆಟ್ಟು, ಇವೆಲ್ಲ ಮುಗಿಯದಿದ್ದರೆ ಪರೀಕ್ಷೆಗೆ ಕೂರುವುದೇ ಕಷ್ಟ. ಪೇಶೆಂಟ್ ಸಿಗದಿದ್ದಾಗ ಹುಡುಗರು ಏನು ಮಾಡುತ್ತಾರೆ ಗೊತ್ತಾ? ಪಕ್ಕದ ಹಳ್ಳಿಯ ಅಜ್ಜನನ್ನು ಒಪ್ಪಿಸಿ, ಬಸ್ ಚಾರ್ಜ್ ಕೊಟ್ಟು, ಊಟ ಕೊಡಿಸಿ, ಹಲ್ಲುಸೆಟ್ಟಿನ ಬಿಲ್ಲನ್ನೂ ತಾವೇ ಕಟ್ಟುತ್ತಾರೆ. ಅಜ್ಜ ಎರಡನೇ ಅಪಾಯಿಂಟ್‌ಮೆಂಟಿಗೆ ಬರಲಿಲ್ಲ ಅಂದರೆ ಮತ್ತೊಬ್ಬ ಅಜ್ಜ, ಮತ್ತೊಂದು ಬಿಲ್ಲು. ಈ ದುಡ್ಡು ಯಾವ ಫೀ ಚಾರ್ಟಿನಲ್ಲೂ ಕಾಣಿಸುವುದಿಲ್ಲ. ಸೀನಿಯರ್‌ಗಳನ್ನು ಕೇಳಿದರೆ ಮಾತ್ರ ಗೊತ್ತಾಗುತ್ತದೆ.

ಈಗ ಸಾಲದ ಲೆಕ್ಕ. ವರ್ಷಕ್ಕೆ 5 ಲಕ್ಷದಂತೆ ನಾಲ್ಕು ವರ್ಷಕ್ಕೆ 20 ಲಕ್ಷ, ಬಡ್ಡಿ ಶೇ. 10 ಅಂದುಕೊಳ್ಳಿ. ಎಜುಕೇಷನ್ ಲೋನ್‌ನಲ್ಲಿ ಸಾಮಾನ್ಯವಾಗಿ ಇಂಟರ್ನ್‌ಶಿಪ್ ಸೇರಿ ಕೋರ್ಸ್ ಮುಗಿದು ಒಂದು ವರ್ಷದ ತನಕ ಕಂತು ಕಟ್ಟಬೇಕಾಗಿಲ್ಲ. ಆದರೆ ಬಡ್ಡಿ ಮೊದಲನೇ ದಿನದಿಂದಲೇ ಓಡುತ್ತಿರುತ್ತದೆ. ಮೊದಲ ವರ್ಷ ಕೊಟ್ಟ 5 ಲಕ್ಷಕ್ಕೆ ಆರು ವರ್ಷದ ಬಡ್ಡಿ, ಎರಡನೆಯದಕ್ಕೆ ಐದು, ಆಮೇಲೆ ನಾಲ್ಕು, ಮೂರು. ಸರಳ ಬಡ್ಡಿಯಲ್ಲೇ 9 ಲಕ್ಷ ಆಯಿತು. ಅಂದರೆ ಕಂತು ಶುರುವಾಗುವ ದಿನ ನಿಮ್ಮ ತಲೆ ಮೇಲೆ ಇರುವುದು 20 ಅಲ್ಲ, 29 ಲಕ್ಷ. ಹದಿನೈದು ವರ್ಷಕ್ಕೆ ಹಂಚಿದರೆ ತಿಂಗಳಿಗೆ ಸುಮಾರು 31,000 ರೂಪಾಯಿ, ಒಟ್ಟು ಕಟ್ಟುವುದು 56 ಲಕ್ಷದಷ್ಟು.

ಓದುವಾಗಲೇ ಆಯಾ ತಿಂಗಳ ಬಡ್ಡಿಯನ್ನು ಮನೆಯವರು ಕಟ್ಟುತ್ತಾ ಹೋದರೆ ಚಿತ್ರ ಬದಲಾಗುತ್ತದೆ. ಮೊದಲ ವರ್ಷ ತಿಂಗಳಿಗೆ 4,200ರ ಆಸುಪಾಸು, ನಾಲ್ಕನೇ ವರ್ಷದಿಂದ 16,700ರ ಹತ್ತಿರ. ಆಗ ಕೊನೆಗೆ ಉಳಿಯುವುದು 20 ಲಕ್ಷವೇ, ಕಂತು 21,500. ಒಟ್ಟಾರೆ 8 ಲಕ್ಷಕ್ಕೂ ಜಾಸ್ತಿ ಉಳಿತಾಯ. ಪೂರ್ತಿ ಆಗದಿದ್ದರೆ ಅರ್ಧ ಬಡ್ಡಿಯಾದರೂ ಕಟ್ಟಿ. ಅದೂ ಆಗುವುದಿಲ್ಲ ಅನ್ನುವ ಮನೆಯಾದರೆ ಇಷ್ಟು ದೊಡ್ಡ ಸಾಲದ ಬಗ್ಗೆ ಎರಡನೇ ಸಲ ಯೋಚಿಸಲೇಬೇಕು.

7.5 ಲಕ್ಷ ದಾಟಿದರೆ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿ ಅಡವು ಕೇಳುತ್ತವೆ. ಸೈಟೋ ಜಮೀನೋ ಹೋಗುವುದು ಅಪ್ಪನ ಹೆಸರಿನದ್ದು, ಹಾಗಾಗಿ ಇದು ಮಗಳೊಬ್ಬಳ ಸಾಲ ಅಲ್ಲ. ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಅಡವಿಲ್ಲದೆ ಸಾಲ ಸಿಗುತ್ತದೆ, ಕುಟುಂಬದ ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಓದುವ ಅವಧಿಯಲ್ಲಿ ಬಡ್ಡಿ ರಿಯಾಯಿತಿಯೂ ಇದೆ. ಆದರೆ ನಿಮ್ಮ ಕಾಲೇಜು ಅವರ ಪಟ್ಟಿಯಲ್ಲಿ ಇರಬೇಕು, ಸೀಟು ಮೆರಿಟ್ ಮೇಲೆ ಸಿಕ್ಕಿರಬೇಕು. ಹಿಂದುಳಿದ ವರ್ಗ, ಅಲ್ಪಸಂಖ್ಯಾತರ ಮಕ್ಕಳಿಗೆ ರಾಜ್ಯದ ನಿಗಮಗಳ ಅರಿವು ಸಾಲ ಶೇ. 2ರ ಬಡ್ಡಿಗೆ ಸಿಗುತ್ತದೆ. ಮೊತ್ತ ಚಿಕ್ಕದು, ಆದರೂ ಬಿಡಬೇಡಿ. ಬ್ಯಾಂಕಿಗೆ ಹೋಗುವ ಮೊದಲೇ ಅರ್ಜಿ ಹಾಕಿ.

ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ, ಅಂದರೆ ದುಡಿಮೆಯ ಕಡೆ, ಏನಿದೆ? ಬಿಡಿಎಸ್ ಮುಗಿಸಿ ಹೊಸದಾಗಿ ಕ್ಲಿನಿಕ್ ಸೇರುವವರಿಗೆ ಬೆಂಗಳೂರಿನಲ್ಲೇ ತಿಂಗಳಿಗೆ 15ರಿಂದ 25 ಸಾವಿರ ಅನ್ನುವುದು ಇವತ್ತಿಗೂ ಮಾಮೂಲಿ ಮಾತು. ಪಿಜಿ ಬಾಡಿಗೆ, ಊಟ, ಬಸ್ಸು ಕಳೆದರೆ ಉಳಿಯುವುದು ಅಷ್ಟರಲ್ಲೇ ಇದೆ. ಕೆಲವರು ಪರ್ಸೆಂಟೇಜ್ ಮೇಲೆ ಕರೆಯುತ್ತಾರೆ. ಕೇಳಲು ಚೆನ್ನಾಗಿರುತ್ತದೆ, ಆದರೆ ಯಾವುದರ ಪರ್ಸೆಂಟೇಜ್ ಅಂತ ಕೇಳಿ. ಹಲ್ಲಿಗೆ ಹಾಕುವ 5,000 ರೂಪಾಯಿಯ ಕ್ಯಾಪ್‌ನಲ್ಲಿ ಲ್ಯಾಬಿನ 1,200 ಕಳೆದು, ಉಳಿದ 3,800ರಲ್ಲಿ ಶೇ. 30 ಅಂದರೆ ಕೈಗೆ 1,140. ದಿನಕ್ಕೆ ಇಬ್ಬರೇ ಪೇಶೆಂಟ್ ಬರುವ ಕ್ಲಿನಿಕ್ ಆದರೆ ಆ ಪರ್ಸೆಂಟೇಜ್ ಇಟ್ಟುಕೊಂಡು ಏನು ಮಾಡುತ್ತೀರಿ? ತಾಲ್ಲೂಕು ಆಸ್ಪತ್ರೆಗಳಲ್ಲಿ ದಂತ ಆರೋಗ್ಯಾಧಿಕಾರಿ ಹುದ್ದೆಗಳಿವೆ, ಒಳ್ಳೆಯ ಕೆಲಸವೇ, ಆದರೆ ಅಲ್ಲೊಂದು ಇಲ್ಲೊಂದು. ಅದನ್ನೇ ನಂಬಿ ಸಾಲ ಮಾಡುವ ಹಾಗಿಲ್ಲ.

ಹಾಗಾದರೆ ಹಲ್ಲಿನ ಡಾಕ್ಟರುಗಳು ದುಡ್ಡು ಮಾಡುವುದು ಎಲ್ಲಿ? ಸ್ವಂತ ಕ್ಲಿನಿಕ್‌ನಲ್ಲಿ, ಇಲ್ಲವೇ ಎಂಡಿಎಸ್ (ಬಿಡಿಎಸ್ ಆದ ಮೇಲಿನ ಸ್ನಾತಕೋತ್ತರ ಕೋರ್ಸ್) ಮಾಡಿ ನಾಲ್ಕಾರು ಕ್ಲಿನಿಕ್‌ಗಳಿಗೆ ಕನ್ಸಲ್ಟೆಂಟ್ ಆಗಿ ಓಡಾಡುವುದರಲ್ಲಿ. ಅಸಲು ವಿಷಯ ಇರುವುದೇ ಇಲ್ಲಿ. ಎರಡಕ್ಕೂ ಮತ್ತೆ ಬಂಡವಾಳ ಬೇಕು. ಚೇರು, ಕಂಪ್ರೆಸರ್, ಎಕ್ಸ್‌ರೇ, ಆಟೋಕ್ಲೇವ್, ಒಳಾಂಗಣ, ಅಂಗಡಿಯ ಅಡ್ವಾನ್ಸ್, ಎಲ್ಲ ಸೇರಿ ಸಾಧಾರಣ ಕ್ಲಿನಿಕ್‌ಗೂ ಹತ್ತು ಲಕ್ಷದ ಸುತ್ತ ಬೇಕಾಗುತ್ತದೆ. ಖಾಸಗಿ ಕ್ಲಿನಿಕ್ ನಡೆಸಲು ಕೆಪಿಎಂಇ ರಿಜಿಸ್ಟ್ರೇಷನ್, ಆಸ್ಪತ್ರೆ ತ್ಯಾಜ್ಯದ ಪರವಾನಗಿ, ಎಕ್ಸ್‌ರೇಗೆ ಎಇಆರ್‌ಬಿ (ಪರಮಾಣು ಶಕ್ತಿ ನಿಯಂತ್ರಣ ಮಂಡಳಿ) ಅನುಮತಿ ಬೇರೆ. ಎಂಡಿಎಸ್ ಅಂದರೆ ಮೂರು ವರ್ಷ, ಖಾಸಗಿ ಸೀಟಾದರೆ ಬಿಡಿಎಸ್‌ಗಿಂತ ದೊಡ್ಡ ಫೀಸು. ಅಡವಿಡುವ ಆಸ್ತಿಯನ್ನೆಲ್ಲ ಬಿಡಿಎಸ್ ಸಾಲವೇ ನುಂಗಿದ್ದರೆ, ದುಡಿಮೆ ತರುವ ಎರಡನೇ ಸಾಲಕ್ಕೆ ಬ್ಯಾಂಕಿನ ಬಾಗಿಲು ಮುಚ್ಚಿರುತ್ತದೆ. ಎಷ್ಟೋ ಒಳ್ಳೆಯ ಕೈಗಳು ಇನ್ನೊಬ್ಬರ ಕ್ಲಿನಿಕ್‌ನಲ್ಲೇ ವರ್ಷಗಟ್ಟಲೆ ಸಿಕ್ಕಿಬಿದ್ದಿರುವುದು ಇದಕ್ಕೇ.

ನನ್ನ ಅಳತೆ ಇದು. ಬಿಡಿಎಸ್ ಸಾಲದ ಕಂತು ಮೊದಲ ಸಂಬಳದ ಮೂರನೇ ಒಂದು ಭಾಗ ದಾಟಬಾರದು, ಅಂದರೆ ಹೆಚ್ಚೆಂದರೆ 7-8 ಸಾವಿರ. ಆ ಲೆಕ್ಕಕ್ಕೆ, ಓದುವಾಗಲೇ ಬಡ್ಡಿ ಕಟ್ಟುತ್ತಾ ಹೋದರೂ, ಸಾಲವನ್ನು 7 ಲಕ್ಷದ ಹತ್ತಿರ ನಿಲ್ಲಿಸಬೇಕಾಗುತ್ತದೆ. ಸರ್ಕಾರಿ ಸೀಟು ಸಿಕ್ಕವರು ಯೋಚನೆಯೇ ಮಾಡದೆ ಸೇರಿ. ಖಾಸಗಿ ಸೀಟಾದರೆ ಉಳಿದದ್ದನ್ನು ಮನೆಯವರು ಸಾಲವಿಲ್ಲದೆ ಹಾಕಬಲ್ಲರಾ ನೋಡಿ. ಊರಿನ ಬಸ್ ಸ್ಟ್ಯಾಂಡ್ ಹತ್ತಿರ ಸ್ವಂತ ಮಳಿಗೆ ಇದ್ದು, ಅಲ್ಲೇ ಕೂತು ಪ್ರಾಕ್ಟೀಸ್ ಮಾಡುವ ಮನಸ್ಸಿದ್ದರೆ ಸ್ವಲ್ಪ ಜಾಸ್ತಿ ಸಾಲಕ್ಕೂ ನಾನು ಹೂಂ ಅನ್ನುತ್ತೇನೆ, ಯಾಕೆಂದರೆ ಬಾಡಿಗೆ ಇಲ್ಲದ ಹೋಬಳಿ ಕ್ಲಿನಿಕ್, ಬಾಡಿಗೆಗೇ ದುಡಿಯುವ ಸಿಟಿ ಕ್ಲಿನಿಕ್‌ಗಿಂತ ಬೇಗ ಕೈ ಹಿಡಿಯುತ್ತದೆ. ಪೂರ್ತಿ 20 ಲಕ್ಷ ಸಾಲ, ಬೆಂಗಳೂರಿನಲ್ಲೇ ಇರಬೇಕು, ಮನೆಯಿಂದ ಏನೂ ಬರುವುದಿಲ್ಲ ಅನ್ನುವವರಿಗೆ ನನ್ನ ಉತ್ತರ ಬೇಡ ಅಂತಲೇ.

ಅಮೆರಿಕಕ್ಕೆ ಹೋಗಿ ತೀರಿಸುತ್ತೇನೆ ಅನ್ನುವ ಪ್ಲಾನ್ ಇದ್ದರೆ ಒಂದು ಮಾತು. ಅಲ್ಲಿ ಬಹುತೇಕರು ಐಎನ್‌ಬಿಡಿಇ ಅನ್ನುವ ಅಲ್ಲಿನ ದಂತವೈದ್ಯ ಪರೀಕ್ಷೆ ಪಾಸಾಗಿ ಮತ್ತೆ ಎರಡು ಮೂರು ವರ್ಷ ಓದಬೇಕು, ಖರ್ಚು ಕೋಟಿ ರೂಪಾಯಿ ಲೆಕ್ಕದಲ್ಲಿರುತ್ತದೆ. ಅದು ಸಾಲ ತೀರಿಸುವ ದಾರಿ ಅಲ್ಲ, ಇನ್ನೊಂದು ಸಾಲ.

ಈಗಾಗಲೇ ಸೇರಿ ಮೂರನೇ ವರ್ಷದಲ್ಲಿ ಇರುವವರು ಗಾಬರಿ ಆಗಬೇಡಿ. ಈ ವಾರವೇ ಬ್ಯಾಂಕಿನಿಂದ ಸ್ಟೇಟ್‌ಮೆಂಟ್ ತೆಗೆಸಿ, ಬಡ್ಡಿ ಎಷ್ಟು ಸೇರಿದೆ ನೋಡಿ, ಕಟ್ಟಲು ಆಗುವಷ್ಟು ಶುರು ಮಾಡಿ. ಎಂಡಿಎಸ್ ಆಸೆ ಇದ್ದರೆ ಇದೇ ಸಾಲಕ್ಕೆ ಟಾಪ್ ಅಪ್ ಕೊಡುತ್ತಾರಾ, ಕಂತನ್ನು ಮುಂದಕ್ಕೆ ಹಾಕುತ್ತಾರಾ ಅಂತ ಇಂಟರ್ನ್‌ಶಿಪ್ ಮುಗಿಯುವ ಮೊದಲೇ ಮ್ಯಾನೇಜರ್ ಹತ್ತಿರ ಮಾತಾಡಿ. ಒಂದು ಕಂತು ತಪ್ಪಿ ಸಿಬಿಲ್ ಸ್ಕೋರ್ ಕೆಟ್ಟ ಮೇಲೆ ಹೋದರೆ ಅದೇ ಮ್ಯಾನೇಜರ್ ಬೇರೆ ಥರ ಮಾತಾಡುತ್ತಾರೆ.