ಪಾಯ್ಸನ್ ಹಿಟ್ಸ್ ಆಲ್ಬಂ ಇಟ್ಟುಕೊಂಡು ಗಿಟಾರ್ ಕಲಿಯೋದು ಹೇಗೆ

ಜಿ, ಸಿ, ಡಿ ಕಾರ್ಡ್ (ಒಟ್ಟಿಗೆ ಬಾರಿಸುವ ಸ್ವರಗಳ ಗುಂಪು) ಬೆರಳಿಗೆ ಸಿಗುತ್ತಿವೆ, ಆದರೆ ಪೂರ್ತಿ ಹಾಡು ಅಂತ ಒಂದೂ ಬರುತ್ತಿಲ್ಲ ಅನ್ನುವವರಿಗೆ ಇದು. ಕಲಬುರಗಿಯಲ್ಲಿ ನನ್ನ ಹತ್ತಿರ ಕಲಿಯೋಕೆ ಬರುವ ಮಕ್ಕಳಿಗೆ ನಾನು ಮೊದಲು ಕೇಳಿಸೋದು ಅಮೆರಿಕದ ರಾಕ್ ಬ್ಯಾಂಡ್ ಪಾಯ್ಸನ್‌ನ 'ಗ್ರೇಟೆಸ್ಟ್ ಹಿಟ್ಸ್: 1986–1996'. ಒಟ್ಟು 18 ಹಾಡು. ಉಬ್ಬಿಸಿದ ಕೂದಲು, ಕಣ್ಣಿಗೆ ಕಾಡಿಗೆ, ಮಿರಿಮಿರಿ ಬಟ್ಟೆ ನೋಡಿ ಈ ಹೇರ್ ಮೆಟಲ್ ಬ್ಯಾಂಡುಗಳನ್ನು ಹಗುರವಾಗಿ ಮಾತಾಡೋರು ಬಹಳ. ಕಣ್ಣು ಮುಚ್ಚಿ ಕೇಳಿ. ಹಾಡು ಕಟ್ಟಿರುವ ರೀತಿ ಎಷ್ಟು ಚೊಕ್ಕ!

ಆಲ್ಬಂ ಜೋರು ಹಾಡಿನಿಂದ ಶುರುವಾಗುತ್ತದೆ. ಅದನ್ನು ಸದ್ಯ ಬಿಡಿ. 'ಎವ್ರಿ ರೋಸ್ ಹ್ಯಾಸ್ ಇಟ್ಸ್ ಥಾರ್ನ್' ಹಾಕಿ. 1988ರ ಡಿಸೆಂಬರಿನಲ್ಲಿ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ ಹಾಡು. ಹಾಡುಗಾರ ಬ್ರೆಟ್ ಮೈಕಲ್ಸ್ ಡಲ್ಲಾಸಿನ ಲಾಂಡ್ರಿಯೊಂದರಲ್ಲಿ ಬಟ್ಟೆ ಹಾಕಿ ಗೆಳತಿಗೆ ಫೋನ್ ಮಾಡಿದರಂತೆ. ಆ ಕಡೆ ಇನ್ನೊಬ್ಬ ಗಂಡಸಿನ ದನಿ ಕೇಳಿಸಿತು. ಆ ಸಂಕಟದಲ್ಲೇ ಹಾಡು ಹುಟ್ಟಿತು ಅಂತ ಅವರೇ ಹೇಳಿಕೊಂಡಿದ್ದಾರೆ. ಶುರುವಿನಲ್ಲಿ ಒಂದು ನಿಟ್ಟುಸಿರು ಕೇಳಿಸುತ್ತದೆ ನೋಡಿ, ಅದಾದ ಮೇಲೆ ಗಿಟಾರ್.

ಈಗ ಎಲ್ಲರೂ ಎಡವುವ ಜಾಗ. ಕಾರ್ಡ್ ಸರಿಯಾಗಿಯೇ ಹಿಡಿದಿರುತ್ತಾರೆ, ಆದರೂ ರೆಕಾರ್ಡಿಂಗ್ ಜೊತೆ ಕೂಡುವುದಿಲ್ಲ. ಯಾಕೆಂದರೆ ಈ ಹಾಡಿಗೆ ಗಿಟಾರಿನ ಆರೂ ತಂತಿಯನ್ನು ಅರ್ಧ ಸ್ವರ ಇಳಿಸಿಕೊಂಡಿದ್ದಾರೆ. ಮನೆಯಲ್ಲಿ ಭಜನೆಗೆ ಹಾರ್ಮೋನಿಯಂ ಇದ್ದವರಿಗೆ ಇದು ತಟ್ಟನೆ ಹೊಳೆಯುತ್ತದೆ: ಹಾಡು ಬಿಳಿ ಐದರಲ್ಲಿ (ಅಂದರೆ ಜಿ) ಇಲ್ಲ, ಅದಕ್ಕಿಂತ ಅರ್ಧ ಸ್ವರ ಕೆಳಗಿನ ಕರಿ ಮೂರರಲ್ಲಿದೆ. ಬೇಕಿದ್ದರೆ ಹಾರ್ಮೋನಿಯಂನ ಆ ಕರಿ ಮನೆ ಒತ್ತಿ ಹಿಡಿದು ಹಾಡು ಹಾಕಿ ನೋಡಿ.

ಟ್ಯೂನರ್ ಆ್ಯಪ್‌ನಲ್ಲಿ ದಪ್ಪ ತಂತಿಯಿಂದ ಸಣ್ಣ ತಂತಿಯವರೆಗೆ ಡಿ ಶಾರ್ಪ್, ಜಿ ಶಾರ್ಪ್, ಸಿ ಶಾರ್ಪ್, ಎಫ್ ಶಾರ್ಪ್, ಎ ಶಾರ್ಪ್, ಮತ್ತೆ ಡಿ ಶಾರ್ಪ್ ಬರಬೇಕು. ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿ ಇಳಿಸಿ, ಆಮೇಲೆ ಬಿಗಿ ಮಾಡುತ್ತಾ ಮೇಲೆ ತನ್ನಿ. ಹಾಗೆ ಮಾಡಿದರೆ ತಂತಿ ಜಾರುವುದಿಲ್ಲ. ಆರೂ ಮುಗಿದ ಮೇಲೆ ಇನ್ನೊಂದು ಸುತ್ತು ನೋಡಲೇಬೇಕು. ಇನ್ನೊಂದು ಲಾಭ: ತಂತಿ ಸಡಿಲಾದ್ದರಿಂದ ಹೊಸಬರ ಬೆರಳ ತುದಿಗೆ ನೋವು ಕಡಿಮೆ.

ನಮ್ಮ ಬಿಸಿಲಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುತ್ತದೆ ಅಲ್ವಾ, ಆಗ ಹೊರಗಿಂದ ತಂದ ಗಿಟಾರನ್ನು ಬಂದ ಕೂಡಲೇ ಶ್ರುತಿ ಮಾಡಬೇಡಿ. ಸ್ವಲ್ಪ ಹೊತ್ತು ಒಳಗೆ ಇಡಿ. ಪತ್ರಾ ಶೆಡ್ಡಿನಲ್ಲಿ, ನಿಂತ ಕಾರಿನಲ್ಲಿ ಬಿಟ್ಟರೆ ಅಂಟು ಬಿಡುತ್ತದೆ. ಕೂಲರ್ ಮುಂದೆ ಅಂತೂ ಬೇಡವೇ ಬೇಡ. ಅದರ ತೇವಕ್ಕೆ ಮರ ಉಬ್ಬುತ್ತದೆ, ತಂತಿಗೆ ತುಕ್ಕು ಹಿಡಿಯುತ್ತದೆ.

ಇನ್ನು ಬೆರಳು. ತೀರಾ ಸಣ್ಣ ತಂತಿ ಒಂದನೆಯದು, ತೀರಾ ದಪ್ಪದ್ದು ಆರನೆಯದು. ಉಂಗುರಬೆರಳು ಎರಡನೇ ತಂತಿಯ ಮೂರನೇ ಫ್ರೆಟ್ (ಗಿಟಾರಿನ ಕತ್ತಿನ ಮೇಲಿನ ಲೋಹದ ಪಟ್ಟಿಗಳ ನಡುವಿನ ಮನೆ) ಮೇಲೆ, ಕಿರುಬೆರಳು ಒಂದನೇ ತಂತಿಯ ಮೂರನೇ ಫ್ರೆಟ್ ಮೇಲೆ. ಇವೆರಡನ್ನು ಅಲ್ಲೇ ಬಿಡಿ. ನಡುಬೆರಳು ಆರನೇ ತಂತಿಯ ಮೂರನೇ ಫ್ರೆಟ್, ತೋರುಬೆರಳು ಐದನೇ ತಂತಿಯ ಎರಡನೇ ಫ್ರೆಟ್. ಇದು ಜಿ. ಈಗ ನಡುಬೆರಳು, ತೋರುಬೆರಳು ಎರಡನ್ನೂ ಒಂದೊಂದು ತಂತಿ ಕೆಳಗೆ ಸರಿಸಿ, ಆರನೇ ತಂತಿ ಬಿಟ್ಟು ಬಾರಿಸಿ. ಸಿ ಆ್ಯಡ್ ನೈನ್ ಬಂತು. ಹಾಡಿನ ಬಹುಪಾಲು ಈ ಎರಡರ ನಡುವಿನ ಓಡಾಟವೇ. ಡಿ ಬಂದಾಗಲೂ ಉಂಗುರಬೆರಳು ಏಳುವ ಹಾಗಿಲ್ಲ, ಉಳಿದವು ಅದರ ಸುತ್ತ ಕೂರುತ್ತವೆ. ನಡುವೆ ಒಂದು ಕಡೆ ಇ ಮೈನರ್ ಇದೆ, ಅದು ಸುಲಭ. ಕೈ ಹಿಂದೆ ಬಿದ್ದರೆ ಯೂಟ್ಯೂಬಿನಲ್ಲಿ ವೇಗ 0.75ಕ್ಕೆ ಇಡಿ, ಶ್ರುತಿ ಬದಲಾಗುವುದಿಲ್ಲ.

ಇದು ಕೂತ ಮೇಲೆ 'ಟಾಕ್ ಡರ್ಟಿ ಟು ಮಿ'. ಪವರ್ ಕಾರ್ಡ್ (ಎರಡೇ ಸ್ವರದ ಗಟ್ಟಿ ಕಾರ್ಡ್), ಅಂಗೈ ಅಂಚಿನಿಂದ ತಂತಿ ಅದುಮಿ ಬಾರಿಸೋದು, ಎರಡೂ ಇದರಲ್ಲೇ ಬರುತ್ತವೆ. ಗಿಟಾರ್ ಒಂದೇ ಮುಂದೆ ಬಂದು ನುಡಿಯುವ ಸೋಲೋಗೆ ಅವಸರ ಬೇಡ. ಮೊದಲು ಬಾಯಲ್ಲಿ ಗುನುಗಿ. ಬ್ಯಾಂಡಿನ ಗಿಟಾರ್‌ವಾದಕ ಸಿ.ಸಿ. ಡೆವಿಲ್ ಅವರ ಸೋಲೋಗಳನ್ನು ಗುನುಗಬಹುದು, ನನಗೆ ಅವರು ಇಷ್ಟವಾಗೋದೇ ಅದಕ್ಕೆ.

ಅಲ್ಲಿಂದ 'ಸ್ಟ್ಯಾಂಡ್'ಗೆ ಹೋಗಿ. ಇದು 1993ರ 'ನೇಟಿವ್ ಟಂಗ್' ಆಲ್ಬಂನದು. ಇದರಲ್ಲಿ ಗಿಟಾರ್ ಡೆವಿಲ್ ಅವರದಲ್ಲ, ರಿಚೀ ಕೋಟ್ಜನ್ ಅವರದು, ಹಿಂದೆ ಚರ್ಚಿನ ಮೇಳದ ಗಾಯನ. ಬೆರಳಿನ ಎಳೆತವೇ ಬೇರೆ. ಕೊನೆಗೆ ಬರುವ ಎರಡು ಹಾಡು ಈ ಆಲ್ಬಂನಲ್ಲೇ ಮೊದಲು ಬಂದವು, ಅವುಗಳಲ್ಲಿ ಗಿಟಾರ್ ನುಡಿಸಿದ್ದು ಬ್ಲೂಸ್ ಸರಸಿನೋ ಅನ್ನುವವರು. ಮೂವರನ್ನೂ ಒಂದೇ ಕೂರಿಕೆಯಲ್ಲಿ ಕೇಳಿ, ಯಾರ ಕೈ ಯಾವುದು ಅಂತ ಹೆಸರು ನೋಡದೆ ಗುರುತಿಸಿ.

ಮನೆಯಲ್ಲಿ ಹಾರ್ಮೋನಿಯಂ ಜೊತೆ ಬಿಳಿ ಐದಕ್ಕೆ ನುಡಿಸಬೇಕಾದರೆ ತಂತಿ ಮತ್ತೆ ಏರಿಸುತ್ತಾ ಕೂರಬೇಡಿ. ಒಂದನೇ ಫ್ರೆಟ್‌ಗೆ ಕೇಪೋ (ಆರೂ ತಂತಿಯನ್ನು ಒಟ್ಟಿಗೆ ಒತ್ತುವ ಕ್ಲಿಪ್) ಹಾಕಿ, ಅದೇ ಬೆರಳು, ಅದೇ ಕಾರ್ಡ್.