‘ಮಾರಾಯ’: ಯಾರಿಗೆ, ಎಲ್ಲಿ, ಹೇಗೆ

ತೀರ್ಥಹಳ್ಳಿ, ಸಾಗರ, ಕೊಪ್ಪದ ಕಡೆ ಹೊಸದಾಗಿ ಬಂದವರ ಬಾಯಿಗೆ ಬೇಗ ಹತ್ತುವ ಮಾತು ‘ಮಾರಾಯ’. ಬೇಗ ಎಡವುವುದೂ ಅಲ್ಲಿಯೇ.

ಮೂಲ ‘ಮಹಾರಾಯ’. ರಾಯ ಎಂದರೆ ಅರಸ. ಕೃಷ್ಣದೇವರಾಯನ ಹೆಸರಿನ ಕೊನೆಗಿರುವುದೂ ಅದೇ. ಮಾತಿನ ಓಟಕ್ಕೆ ನಡುವಿನ ಹಕಾರ ಬಿದ್ದುಹೋಗಿದೆ, ಮಹಾನವಮಿ ‘ಮಾನವಮಿ’ ಆದ ಹಾಗೆ. ಹೆಂಗಸರಿಗೆ ‘ಮಾರಾಯ್ತಿ’, ಗೌಡನಿಗೆ ಗೌಡ್ತಿ ಇದ್ದಂತೆ. ಮಾರಿಯಮ್ಮನಿಗೂ ಇದಕ್ಕೂ ನಂಟಿಲ್ಲ. ಬರೆಯುವಾಗ ‘ರಾ’ ದೀರ್ಘ, ‘ಯ’ ಒಂದೇ. ‘ಮಾರಯ್ಯ’ ಎಂದರೆ ಯಾರದೋ ಹೆಸರಾಯಿತು.

ಜಾಗ ಸಾಮಾನ್ಯವಾಗಿ ವಾಕ್ಯದ ಕೊನೆ: ‘ಬಸ್ಸು ಹೋಯ್ತು ಮಾರಾಯ.’ ಮೊದಲಿಗೆ ಬಂದರೆ ಅಂಗಲಾಚಿದಂತೆ: ‘ಮಾರಾಯಾ, ಒಂಚೂರು ಸುಮ್ನಿರು.’ ಅರ್ಥ ಇರುವುದು ಎಳೆಯುವುದರಲ್ಲಿ. ಮೋಟಾಗಿ ನಿಲ್ಲಿಸಿದರೆ ಬರೀ ಆಪ್ತತೆ, ಕೊನೆಯ ಸ್ವರ ಎಳೆದರೆ ಗೋಳು. ಅಡಿಕೆ ತೋಟದವನೊಬ್ಬ ‘ನಿನ್ನೆ ಕೊಳೆಗೆ ಔಷಧಿ ಹೊಡೆಸಿದ್ದು, ರಾತ್ರಿಯಿಡೀ ಮಳೆ ಮಾರಾಯಾ’ ಎಂದರೆ ಅವನು ಹವಾಮಾನ ವರದಿ ಕೊಡುತ್ತಿಲ್ಲ. ಅಡಿಕೆಯ ಕೊಳೆರೋಗದ ಔಷಧಿಗೆ ಹಾಕಿದ ತುತ್ತ, ಸುಣ್ಣ, ಹೊಡೆದವರ ಕೂಲಿ ಎಲ್ಲ ನೀರುಪಾಲಾದ ಸಂಕಟಕ್ಕೆ ನಿಮ್ಮನ್ನು ಜೊತೆಗೆ ಕರೆಯುತ್ತಿದ್ದಾನೆ. ‘ಎಂತ ಮಾಡೂದು ಮಾರಾಯ’ ಎಂದರೆ ಸಾಕು. ಉಪಾಯ ಹೇಳಲು ಹೋಗಬೇಡಿ.

ಯಾರಿಗೆ ಎಂಬುದಕ್ಕೆ ಕ್ರಿಯಾಪದವೇ ಅಳತೆಗೋಲು. ನೀವು ‘ಬಾ’ ಎಂದು ಕರೆಯುವವರಿಗೆ ಮಾರಾಯ, ‘ಬನ್ನಿ’ ಎಂದು ಕರೆಯುವವರಿಗೆ ಮಾರಾಯ್ರೇ. ಹೊಸಬರು ಎರಡನ್ನೂ ಕಲಸಿ ‘ಬನ್ನಿ ಮಾರಾಯ’ ಎನ್ನುತ್ತಾರೆ. ಅದು ಗೌರವವೂ ಅಲ್ಲ, ಸಲಿಗೆಯೂ ಅಲ್ಲ. ‘ಮಾರಾಯ್ರೇ’ ಗುರುತಿಲ್ಲದವರ ಹತ್ತಿರವೂ ನಡೆಯುತ್ತದೆ. ಅಂಗಡಿಯಲ್ಲಿ ‘ಇಷ್ಟು ರೇಟಾ ಮಾರಾಯ್ರೇ?’ ಎಂದು ಚೌಕಾಸಿ ಶುರು ಮಾಡಬಹುದು, ದರ ಇಳಿಯದಿದ್ದರೂ ಮಾತು ಮುರಿಯುವುದಿಲ್ಲ. ಹಿರಿಯ ಹೆಂಗಸರಿಗೂ ಇದೇ ರೂಪ ಸರಿ. ‘ಮಾರಾಯ್ತಿ’ಗೆ ಮಾತ್ರ ಕೈ ಬಿಗಿ ಇರಲಿ: ಹೆಂಡತಿ, ತಂಗಿ, ಒಟ್ಟಿಗೆ ಓದಿದವಳು, ಇಲ್ಲವೇ ಹೆಂಗಸರು ತಮ್ಮ ತಮ್ಮಲ್ಲಿ. ಪರಿಚಯವಿಲ್ಲದವಳಿಗೆ ಅಂದರೆ ಉದ್ಧಟತನ. ಮೇಲಧಿಕಾರಿ, ಮೇಷ್ಟ್ರು, ಪೂಜೆಗೆ ಬಂದ ಭಟ್ಟರಿಗೆ ನೀವಾಗಿ ಮೊದಲು ಬಳಸಬೇಡಿ. ಅವರ ಬಾಯಿಂದ ಒಮ್ಮೆ ಬಂದ ಮೇಲೆ ನೋಡಿಕೊಳ್ಳಿ.

ಅರ್ಜಿ, ಕಾಗದಕ್ಕೆ ಇದು ಸಲ್ಲದು. ಆಗುಂಬೆ ಘಾಟಿ ಇಳಿದರೂ ಪದ ಬಿಡುವುದಿಲ್ಲ, ತುಳುವಿನಲ್ಲಿ ‘ಮಾರಾಯೆರೆ’ ಆಗಿ ಸಿಗುತ್ತದೆ.

ಇನ್ನು, ಮಾತಿಗೆ ಮಾತಿಗೆ ಅಂಟಿಸಿದರೆ ನಾಟಕದ ಹಳ್ಳಿಗನಂತೆ ಕೇಳಿಸುತ್ತದೆ. ಅಲ್ಲಿಯವರೆಗೆ ‘ನೀನು’ ಎನ್ನುತ್ತಿದ್ದವರು ತಟ್ಟನೆ ‘ನೀವು’ಗೆ ಹೋದರೆ ಸಲಿಗೆ ಅತಿಯಾಯಿತು ಎಂದೇ ಲೆಕ್ಕ. ಕ್ಷಮೆ ಕೇಳಿ ಅದನ್ನು ದೊಡ್ಡದು ಮಾಡಬೇಡಿ. ನಿಮ್ಮ ಮುಂದಿನ ಮಾತನ್ನೂ ‘ಹೇಳಿ’, ‘ಕೂತ್ಕೊಳಿ’ಗೆ ತಿರುಗಿಸಿ, ಒಂದು ಕವಳ (ಎಲೆಯಡಿಕೆ) ಮುಗಿಯುವವರೆಗೆ ಮಾರಾಯನನ್ನು ಹೊರಗೆ ತರಬೇಡಿ.